ಪೆಟ್ಟಿಗೆ ತುಂಬ ತುಪ್ಪವಿದ್ದರೂ ಚಳಿಗಾಲದಲ್ಲಿ ಜೇನು ಸಾಯುವುದೇಕೆ?

ಪ್ರಶ್ನೆ: ನಾನಿರುವುದು ವರ್ಷಕ್ಕೆ ನಾಲ್ಕು ತಿಂಗಳು ಹಿಮ ಬೀಳುವ ಕಡೆ. ಎರಡು ಜೇನು ಪೆಟ್ಟಿಗೆ ಇಟ್ಟಿದ್ದೇನೆ. ಮೊದಲನೇ ಪೆಟ್ಟಿಗೆಯ ಹುಳಗಳು ಬೇಸಿಗೆಯ ಕೊನೆಯಲ್ಲಿ ಪಕ್ಕದ ಸ್ಪ್ರೂಸ್ ಮರಗಳ ಕಾಡಿನಿಂದ ಕಪ್ಪು ತುಪ್ಪ ತಂದು ತುಂಬಿದ್ದವು. ಅದನ್ನು ಮುಟ್ಟದೆ ಅವುಗಳಿಗೇ ಬಿಟ್ಟೆ. ಎರಡನೆಯದರ ತುಪ್ಪ ತೆಗೆದು, ಬದಲಿಗೆ ಸಕ್ಕರೆ ಪಾಕ ಕೊಟ್ಟೆ. ಚಳಿ ಮುಗಿದ ಮೇಲೆ ತೆರೆದು ನೋಡಿದರೆ ಮೊದಲನೇ ಪೆಟ್ಟಿಗೆಯ ಎರಿಗಳ ಮೇಲೆಲ್ಲ ಕಂದು ಕಲೆ, ಕೆಟ್ಟ ವಾಸನೆ. ಅರ್ಧಕ್ಕಿಂತ ಜಾಸ್ತಿ ಹುಳ ಸತ್ತಿವೆ. ತುಪ್ಪ ಮಾತ್ರ ಇನ್ನೂ ಬೇಕಾದಷ್ಟು ಉಳಿದಿದೆ. ಎರಡನೆಯದು ಚೆನ್ನಾಗಿದೆ. ಹಾಗಾದರೆ ಜೇನಿಗೆ ತುಪ್ಪಕ್ಕಿಂತ ಸಕ್ಕರೆಯೇ ಒಳ್ಳೆಯದಾ? ಇದು ರೋಗವಾ? ಉಳಿದ ತುಪ್ಪವನ್ನು ಎರಡನೇ ಪೆಟ್ಟಿಗೆಗೆ ಕೊಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಅವಸರದ್ದು. ಆ ತುಪ್ಪವನ್ನು ಈಗಲೇ ಕೊಡಬೇಡಿ. ಯಾವಾಗ ಕೊಡಬಹುದು, ಅದಕ್ಕೂ ಮೊದಲು ಏನನ್ನು ಪರೀಕ್ಷೆ ಮಾಡಬೇಕು ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಚಳಿಗಾಲಕ್ಕೆ ತುಪ್ಪ ಬಿಡುವಾಗ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಕೆಜಿ ಇದೆ? ಅದು ಬೇಕಾದ ಪ್ರಶ್ನೆಯೇ. ಆದರೆ ಹುಳಗಳು ತಿಂಗಳುಗಟ್ಟಲೆ ಹೊರಗೆ ಹೋಗಲಾರದ ಜಾಗದಲ್ಲಿ ಇನ್ನೊಂದು ಪ್ರಶ್ನೆಯೂ ಅಷ್ಟೇ ಮುಖ್ಯ. ಅದನ್ನು ತಿಂದ ಮೇಲೆ ಹೊಟ್ಟೆಯಲ್ಲಿ ಎಷ್ಟು ಉಳಿಯುತ್ತದೆ? ನಿಮ್ಮ ಮೊದಲನೇ ಪೆಟ್ಟಿಗೆ ಸೋತದ್ದು ಈ ಎರಡನೇ ಪ್ರಶ್ನೆಯಲ್ಲಿ.

ಹೊರಗಿನ ತಾಪಮಾನ ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹುಳಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲು ಕಟ್ಟುತ್ತವೆ. ಜೇನು ಚಳಿಗಾಲದಲ್ಲಿ ನಿದ್ದೆ ಹೋಗುವುದಿಲ್ಲ. ರೆಕ್ಕೆ ಅಲುಗಿಸದೆ ಹಾರುವ ಸ್ನಾಯುಗಳನ್ನು ಮಾತ್ರ ನಡುಗಿಸುತ್ತಾ ಶಾಖ ಹುಟ್ಟಿಸುತ್ತದೆ. ಗೊಂಚಲಿನ ಹೊರಪದರದ ಹುಳ ಸುಮಾರು 10 ಡಿಗ್ರಿಯಲ್ಲಿರುತ್ತದೆ. ಅದಕ್ಕಿಂತ ತಣ್ಣಗಾದರೆ ಮರಗಟ್ಟಿ ಕೆಳಗೆ ಬೀಳುತ್ತದೆ. ಒಳಗಡೆ ಮಾತ್ರ ಬೆಚ್ಚಗಿರುತ್ತದೆ. ಮರಿ ಇದ್ದರೆ ನಡುವಿನ ಶಾಖ 34–35 ಡಿಗ್ರಿಗೆ ಏರುತ್ತದೆ. ಈ ಶಾಖಕ್ಕೆಲ್ಲ ಉರುವಲು ಎರಿಯಲ್ಲಿರುವ ಸಕ್ಕರೆ ಅಂಶ. ಅದು ಪೂರ್ತಿ ಉರಿದರೆ ಉಳಿಯುವುದು ಬರೀ ನೀರು ಮತ್ತು ಇಂಗಾಲದ ಡೈಆಕ್ಸೈಡ್. ಎರಡೂ ಗಾಳಿಯಲ್ಲಿ ಹೋಗುತ್ತವೆ. ಉರಿಯದೆ ಉಳಿಯುವುದು ಖನಿಜ ಲವಣ, ಜೀರ್ಣವಾಗದ ದೊಡ್ಡ ಸಕ್ಕರೆಗಳು, ಪರಾಗದ ಸಿಪ್ಪೆ. ಇವೆಲ್ಲ ಹಿಕ್ಕೆಯಾಗಬೇಕು.

ಆರೋಗ್ಯವಾಗಿರುವ ಕೆಲಸಗಾರ ಹುಳ ಗೂಡಿನೊಳಗೆ ಹಿಕ್ಕೆ ಹಾಕುವುದೇ ಇಲ್ಲ. ಹಾರುತ್ತಾ ಹೊರಗೆ ಹಾಕುತ್ತದೆ. ಹಾರಲು ಆಗದಿದ್ದರೆ ತಡೆದಿಟ್ಟುಕೊಳ್ಳುತ್ತದೆ. ಅದಕ್ಕಾಗಿಯೇ ಅದರ ಕರುಳಿನ ಕೊನೆಯ ಭಾಗ, ಅಂದರೆ ಮಲಚೀಲ, ಹಿಗ್ಗುವ ಹಾಗಿದೆ. ಚಳಿಗಾಲದ ಕೊನೆಗೆ ಒಂದು ಹುಳವನ್ನು ಬಿಡಿಸಿ ನೋಡಿದರೆ ಹೊಟ್ಟೆಯ ಬಹುಪಾಲು ಜಾಗ ಅದೇ ತುಂಬಿಕೊಂಡಿರುತ್ತದೆ. ದೇಹದ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ಹಿಕ್ಕೆಯನ್ನು ಹುಳ ಹೊತ್ತುಕೊಂಡಿರಬಲ್ಲದು. ಮಲಚೀಲದ ಗೋಡೆಯಲ್ಲಿ ಆರು ಮೆತ್ತೆಗಳಿವೆ. ಅವು ಹಿಕ್ಕೆಯಿಂದ ನೀರನ್ನೂ ಲವಣವನ್ನೂ ಹೀರಿ ವಾಪಸು ರಕ್ತಕ್ಕೆ ಕಳಿಸುತ್ತವೆ. ಒಳಗಿರುವುದು ಕೊಳೆಯದಂತೆ ತಡೆಯುವ ಕಿಣ್ವವೂ ಚಳಿಗಾಲದ ಹುಳದಲ್ಲಿ ಜಾಸ್ತಿ ಇರುತ್ತದೆ. ಒಟ್ಟಿನಲ್ಲಿ ಇದು ಬಹಳ ಚೆನ್ನಾದ ವ್ಯವಸ್ಥೆ. ಆದರೆ ಅದಕ್ಕೂ ಒಂದು ಮಿತಿ ಇದೆ.

ಆ ಮಿತಿಯನ್ನು ಲೆಕ್ಕ ಹಾಕಿ ನೋಡೋಣ. ಮರಿ ಇಲ್ಲದ ತಿಂಗಳುಗಳಲ್ಲಿ 15,000 ಹುಳಗಳ ಒಂದು ಕುಟುಂಬ 10 ಕೆಜಿ ತಿಂದಿತು ಅಂದುಕೊಳ್ಳಿ. ಸಾಮಾನ್ಯ ಹೂವಿನ ತುಪ್ಪದಲ್ಲಿ ಬೂದಿ, ಅಂದರೆ ಖನಿಜದ ಅಂಶ, ಶೇ. 0.2ರ ಆಸುಪಾಸು. 10 ಕೆಜಿಯಲ್ಲಿ 20 ಗ್ರಾಂ ಆಯಿತು. ಒಂದು ಹುಳದ ಪಾಲಿಗೆ 1.3 ಮಿಲಿಗ್ರಾಂ. ನಿಮ್ಮ ಕಾಡಿನ ಕಪ್ಪು ತುಪ್ಪದಲ್ಲಿ ಈ ಅಂಶ ಶೇ. 1ರವರೆಗೂ ಹೋಗಬಹುದು. ಆಗ 10 ಕೆಜಿಯಲ್ಲಿ 100 ಗ್ರಾಂ, ಹುಳಕ್ಕೆ ಆರೂವರೆ ಮಿಲಿಗ್ರಾಂ ದಾಟುತ್ತದೆ. ಶುದ್ಧ ಬಿಳಿ ಸಕ್ಕರೆಯಲ್ಲಿ ಇದು ಲೆಕ್ಕಕ್ಕೇ ಇಲ್ಲದಷ್ಟು. ಇಡೀ ಹುಳದ ತೂಕವೇ ಸುಮಾರು 100 ಮಿಲಿಗ್ರಾಂ. ಈ ಲವಣ ಒಣಪುಡಿಯಾಗಿ ಕೂರುವುದಿಲ್ಲ, ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಹಿಡಿದುಕೊಂಡು ಕೂರುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಒಂದೂಕಾಲು ಮಿಲಿಗ್ರಾಂಗೂ ಆರೂವರೆಗೂ ಇರುವ ವ್ಯತ್ಯಾಸವೇ ನಿಮ್ಮ ಎರಿಗಳ ಮೇಲೆ ಕಂದು ಕಲೆಯಾಗಿ ಕಾಣುತ್ತಿರುವುದು.

ಆ ಕಪ್ಪು ತುಪ್ಪ ಹೂವಿನದಲ್ಲ ಅಂತ ನನಗೆ ಬಹುತೇಕ ಖಾತ್ರಿ. ಸ್ಪ್ರೂಸ್, ಫರ್, ಲಾರ್ಚ್ ಮರಗಳ ರಸ ಹೀರುವ ಗಿಡಹೇನುಗಳು ಹೊರಹಾಕುವ ಸಿಹಿ ಅಂಟನ್ನು ಜೇನುಹುಳಗಳು ನೆಕ್ಕಿ ತಂದು ತುಪ್ಪ ಮಾಡುತ್ತವೆ. ಇದನ್ನು ಹನಿಡ್ಯೂ ತುಪ್ಪ ಅನ್ನುತ್ತಾರೆ. ಮನುಷ್ಯರಿಗೆ ಒಳ್ಳೆಯದೇ, ರುಚಿಯೂ ಚೆನ್ನ. ಕೆಲವರು ಇದಕ್ಕೇ ಹುಡುಕಿಕೊಂಡು ಬರುತ್ತಾರೆ. ಹುಳಗಳಿಗೂ ಬೇಸಿಗೆಯಲ್ಲಿ ತೊಂದರೆ ಅಷ್ಟಾಗಿ ಕಾಣುವುದಿಲ್ಲ, ಯಾಕೆಂದರೆ ದಿನಾ ಹೊರಗೆ ಹಾರುತ್ತವೆ. ಅದೇ ತುಪ್ಪ ನಾಲ್ಕು ತಿಂಗಳ ಬಂಧನದಲ್ಲಿ ವಿಷದ ಹಾಗೆ ಕೆಲಸ ಮಾಡುತ್ತದೆ.

ಹನಿಡ್ಯೂ ತುಪ್ಪದಲ್ಲಿ ಖನಿಜ ಮಾತ್ರವಲ್ಲ, ಮೆಲೆಝಿಟೋಸ್ ಅನ್ನುವ ಇನ್ನೊಂದು ತಲೆನೋವೂ ಇದೆ. ಮೂರು ಸರಳ ಸಕ್ಕರೆಗಳು ಸೇರಿ ಆದ ಸಕ್ಕರೆ ಇದು. ಹುಳದ ಕಿಣ್ವಕ್ಕೆ ಇದನ್ನು ಒಡೆಯುವುದು ಸುಲಭವಲ್ಲ. ಇದು ಜಾಸ್ತಿ ಇದ್ದರೆ ತುಪ್ಪ ಎರಿಯಲ್ಲೇ ಗಟ್ಟಿಯಾಗಿ ಕಲ್ಲಾಗುತ್ತದೆ. ಯುರೋಪಿನ ಜೇನು ಸಾಕಣೆದಾರರು ಇದಕ್ಕೆ ಸಿಮೆಂಟು ತುಪ್ಪ ಅನ್ನುವುದು ಸುಮ್ನೆ ಅಲ್ಲ. ಯಂತ್ರದಲ್ಲಿ ತಿರುಗಿಸಿದರೂ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಪುಟ್ಟ ಪಂಜರದ ಹುಳಗಳಿಗೆ ಮೆಲೆಝಿಟೋಸ್ ತಿನ್ನಿಸಿದಾಗ ಅವು ಜಾಸ್ತಿ ತಿಂದವು, ಕರುಳಿನ ತೂಕ ಏರಿತು, ಬೇಗ ಸತ್ತವು. ಜಾಸ್ತಿ ತಿಂದವು ಅನ್ನುವುದನ್ನು ಗಮನಿಸಿ. ಹೊಟ್ಟೆಗೆ ಹೋದದ್ದು ಮೈಗೆ ಹತ್ತದಿದ್ದರೆ ಇನ್ನಷ್ಟು ತಿನ್ನಬೇಕಾಗುತ್ತದೆ. ಇನ್ನಷ್ಟು ತಿಂದರೆ ಇನ್ನಷ್ಟು ಕಸ.

ಇಲ್ಲಿಂದಲೇ ಒಂದು ವಿಷಚಕ್ರ ಶುರುವಾಗುತ್ತದೆ. ಇದನ್ನು ಮೊದಲು ಅಳತೆ ಮಾಡಿ ತೋರಿಸಿದವರಲ್ಲಿ ಅಮೆರಿಕದ ಕೃಷಿ ಇಲಾಖೆಯ ಇ. ಎಫ್. ಫಿಲಿಪ್ಸ್ ಮತ್ತು ಜಾರ್ಜ್ ಡೆಮುತ್ ಪ್ರಮುಖರು. ಗೂಡಿನೊಳಗೆ ವಿದ್ಯುತ್ ತಾಪಮಾಪಕ ಇಟ್ಟು ಚಳಿಗಾಲವಿಡೀ ಗೊಂಚಲಿನ ಶಾಖ ದಾಖಲಿಸಿ 1914ರಲ್ಲಿ ವರದಿ ಪ್ರಕಟಿಸಿದರು. ಹಿಕ್ಕೆ ತುಂಬುತ್ತಾ ಹೋದಂತೆ ಹುಳಗಳಿಗೆ ಕಿರಿಕಿರಿ ಜಾಸ್ತಿಯಾಗುತ್ತದೆ, ಅವು ಸುಮ್ಮನೆ ಕೂರಲಾರವು, ಶಾಖ ಏರುತ್ತದೆ ಎಂದು ಅವರು ಕಂಡರು. ಶಾಖ ಏರಿದರೆ ತಿನ್ನುವುದು ಏರುತ್ತದೆ. ತಿನ್ನುವುದು ಏರಿದರೆ ಹಿಕ್ಕೆ. ಗೊಂಚಲು ಬೆಚ್ಚಗಾದರೆ ರಾಣಿ ಅಕಾಲದಲ್ಲಿ ಮೊಟ್ಟೆಯಿಡಲು ಶುರುಮಾಡಬಹುದು. ಮರಿಗೆ ಉಣಿಸಲು ಪರಾಗ ತಿನ್ನಬೇಕು, ಪರಾಗದ ಗಟ್ಟಿ ಹೊರಕವಚ ಜೀರ್ಣವಾಗುವುದಿಲ್ಲ, ಅದೂ ಹಿಕ್ಕೆಗೆ ಸೇರುತ್ತದೆ. ಕೊನೆಗೆ ಒಂದು ಹುಳ ತಡೆಯಲಾರದೆ ಎರಿಯ ಮೇಲೇ ಬಿಟ್ಟುಬಿಡುತ್ತದೆ. ಉಳಿದವು ಅದನ್ನು ತೊಡೆಯಲು ಹೋಗಿ ಬಾಯಿ ಹಾಕುತ್ತವೆ. ಚಳಿಯಲ್ಲೇ ಹೊರಗೆ ಹಾರಿದ ಹುಳಗಳು ಹಿಮದ ಮೇಲೆ ಬಿದ್ದು ಸಾಯುತ್ತವೆ. ಗೊಂಚಲು ಚಿಕ್ಕದಾಗುತ್ತದೆ, ಉಳಿದ ಒಂದೊಂದು ಹುಳವೂ ಇನ್ನೂ ಜಾಸ್ತಿ ಶಾಖ ಹುಟ್ಟಿಸಬೇಕಾಗುತ್ತದೆ.

ಹಾಗಾದರೆ ಇದು ರೋಗವಾ? ಭೇದಿ ತಾನಾಗಿ ಅಂಟುರೋಗವಲ್ಲ. ಮಲಚೀಲ ತುಂಬಿ ತುಳುಕಿದ್ದರ ಲಕ್ಷಣ ಅಷ್ಟೇ. ಆದರೆ ಅದರ ಬೆನ್ನಿಗೇ ನೊಸಿಮಾ ಬರಬಹುದು. ನೊಸಿಮಾ ಎಪಿಸ್ ಅನ್ನುವುದು ಹುಳದ ನಡುಗರುಳಿನ ಜೀವಕೋಶಗಳಲ್ಲಿ ಬೆಳೆಯುವ ಸೂಕ್ಷ್ಮ ಪರಾವಲಂಬಿ. ಜರ್ಮನಿಯ ಎನೋಕ್ ಜಾಂಡರ್ 1909ರಲ್ಲಿ ಇದನ್ನು ವಿವರಿಸಿದರು. ಇದರ ಬೀಜಾಣುಗಳು ಹಿಕ್ಕೆಯಲ್ಲಿ ಹೊರಬರುತ್ತವೆ. ಬೇಸಿಗೆಯಲ್ಲಿ ಹಿಕ್ಕೆ ಹೊರಗೆ ಬೀಳುವುದರಿಂದ ಹರಡುವುದು ಕಡಿಮೆ. ಎರಿಯ ಮೇಲೆ ಬಿದ್ದರೆ ತೊಡೆಯಲು ಬಂದ ಹುಳಗಳಿಗೆಲ್ಲ ಸೋಂಕು. ಅಂದರೆ ನೊಸಿಮಾ ಭೇದಿ ತರಿಸಿತು ಅನ್ನುವುದಕ್ಕಿಂತ, ಕೆಟ್ಟ ಆಹಾರದಿಂದ ಆದ ಭೇದಿ ನೊಸಿಮಾವನ್ನು ಮನೆತುಂಬ ಹಂಚಿತು ಅನ್ನುವುದು ಎಷ್ಟೋ ಸಲ ಸರಿ. ಅದರ ದಾಯಾದಿ ನೊಸಿಮಾ ಸೆರಾನೆ ಇನ್ನೂ ಮೋಸದ್ದು. ಅದು ಬಂದ ಕುಟುಂಬದಲ್ಲಿ ಕಲೆಯೇ ಕಾಣದಿರಬಹುದು. ಹಾಗಾಗಿ ಕಲೆ ನೋಡಿ ನೊಸಿಮಾ ಇದೆ ಅಂತಲೂ, ಕಲೆ ಇಲ್ಲದ್ದು ನೋಡಿ ಇಲ್ಲ ಅಂತಲೂ ತೀರ್ಮಾನಿಸಬೇಡಿ. ಸತ್ತ ಹುಳಗಳ ಹೊಟ್ಟೆಯನ್ನು ಸ್ವಲ್ಪ ನೀರಿನಲ್ಲಿ ಅರೆದು 400 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಕ್ಕಿಕಾಳಿನ ಆಕಾರದ ಹೊಳೆಯುವ ಬೀಜಾಣುಗಳು ಇದ್ದರೆ ಕಾಣುತ್ತವೆ. ಯಾವುದಾದರೂ ಜೇನು ಪ್ರಯೋಗಾಲಯಕ್ಕೆ ಒಂದು ಹಿಡಿ ಹುಳ ಕಳಿಸಿ, ಸಾಕು.

ಒಂದು ಮಾತು. ಚಳಿಗಾಲದ ನಡುವೆ ಬಿಸಿಲು ಬಂದು 10–12 ಡಿಗ್ರಿ ಆದ ದಿನ ಹುಳಗಳು ಗುಂಪಾಗಿ ಹೊರಗೆ ಹಾರಿ ಹಿಮದ ಮೇಲೆಲ್ಲ ಹಳದಿ ಕಂದು ಚುಕ್ಕೆ ಹಾಕಿದರೆ ಗಾಬರಿ ಬೀಳಬೇಡಿ. ಅದು ಒಳ್ಳೆಯ ಸುದ್ದಿ. ಹೊಸಬರು ಅದನ್ನು ನೋಡಿ ಔಷಧಿ ಹುಡುಕಲು ಓಡುತ್ತಾರೆ. ಗಾಬರಿಪಡಬೇಕಾದದ್ದು ಕಲೆ ಪೆಟ್ಟಿಗೆಯ ಒಳಗಿದ್ದರೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ತುಪ್ಪಕ್ಕಿಂತ ಸಕ್ಕರೆ ಒಳ್ಳೆಯದಾ? ಬಂಧನದ ಅವಧಿಯ ಉರುವಲಾಗಿ ನೋಡಿದರೆ ಬಿಳಿ ಸಕ್ಕರೆಯ ಪಾಕ ಹನಿಡ್ಯೂ ತುಪ್ಪಕ್ಕಿಂತ ನಿಸ್ಸಂಶಯವಾಗಿ ಒಳ್ಳೆಯದು. ಹೂವಿನ ಒಳ್ಳೆಯ ತುಪ್ಪದ ಜೊತೆ ಹೋಲಿಸಿದರೂ ಅದು ಹಿಂದೆ ಬೀಳುವುದಿಲ್ಲ, ಹಿಕ್ಕೆ ಕಡಿಮೆ ಅನ್ನುವ ಅರ್ಥದಲ್ಲಿ. ಕೆನಡಾದಂಥ ಕಡೆ ಚಳಿಗಾಲದಲ್ಲಿ ಪೆಟ್ಟಿಗೆಗಳನ್ನು 4–5 ಡಿಗ್ರಿಯ ಕತ್ತಲೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡುವವರು ಸಕ್ಕರೆ ಪಾಕವನ್ನು ನೆಚ್ಚಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಹುಳಗಳಿಗೆ ನಡುವೆ ಒಂದು ಸಲವೂ ಹಾರುವ ಅವಕಾಶ ಇರುವುದಿಲ್ಲ.

ಆದರೆ ಸಕ್ಕರೆ ಉರುವಲು ಮಾತ್ರ. ತುಪ್ಪದಲ್ಲಿ, ಅದರಲ್ಲಿ ಸೇರಿದ ಪರಾಗದಲ್ಲಿ ಇರುವ ಕೆಲವು ಪದಾರ್ಥಗಳು ಬೇರೆ ಕೆಲಸ ಮಾಡುತ್ತವೆ. ಉದಾಹರಣೆಗೆ, ಪಿ-ಕೂಮರಿಕ್ ಆಮ್ಲ ಹುಳದ ಮೈಯಲ್ಲಿ ವಿಷ ಕಳೆಯುವ ಜೀನ್‌ಗಳನ್ನು ಚುರುಕುಗೊಳಿಸುತ್ತದೆ ಎಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ಬಿಳಿ ಸಕ್ಕರೆಯಲ್ಲಿ ಅದಿಲ್ಲ. ಹಾಗಾಗಿ ವರ್ಷವಿಡೀ ತುಪ್ಪ ಕಿತ್ತುಕೊಂಡು ಸಕ್ಕರೆ ಸುರಿಯುವುದಕ್ಕೆ ನನ್ನ ಮಾತನ್ನು ಸಾಕ್ಷಿಯಾಗಿ ಬಳಸಬೇಡಿ. ಒಳ್ಳೆಯ ಹೂವಿನ ತುಪ್ಪ ಇದ್ದರೆ ನಾನಂತೂ ಅದನ್ನೇ ಬಿಡುತ್ತೇನೆ. ಕಾಡಿನ ಕಪ್ಪು ತುಪ್ಪವನ್ನು ತೆಗೆಯುತ್ತೇನೆ. ಎರಡೂ ಕಲಸಿಕೊಂಡಿದ್ದರೆ ಸ್ವಲ್ಪ ಪಾಕ ಕೊಟ್ಟು ಜಾಗ ಬದಲಿಸುತ್ತೇನೆ. ಹೇಗೆ ಅಂತ ಕೆಳಗೆ ಹೇಳಿದ್ದೇನೆ.

ಇನ್ನೊಂದು ಮುಖ್ಯ ವಿಷಯ ಜನ ಮರೆಯುತ್ತಾರೆ. ಚಳಿಗಾಲದ ಆಹಾರ ಎರಿಯಲ್ಲಿ ಮಾತ್ರ ಇಲ್ಲ, ಹುಳದ ಮೈಯಲ್ಲೂ ಇದೆ. ಬೇಸಿಗೆಯ ಕೆಲಸಗಾರ ಹುಳ ಐದಾರು ವಾರ ಬದುಕಿದರೆ ಹೆಚ್ಚು. ಚಳಿಗಾಲದ ಹುಳ ಐದಾರು ತಿಂಗಳು ಬದುಕುತ್ತದೆ. ಆ ಆಯುಸ್ಸು ಬರುವುದು ಹೊಟ್ಟೆಯೊಳಗಿನ ಕೊಬ್ಬಿನ ಪದರದಲ್ಲಿ, ವಿಟೆಲೊಜೆನಿನ್ ಅನ್ನುವ ಪ್ರೋಟೀನಿನಲ್ಲಿ. ಇವೆರಡೂ ಕೂಡುವುದು ಶರತ್ಕಾಲದಲ್ಲಿ ತಿಂದ ಪರಾಗದಿಂದ. ಆಗ ಪರಾಗ ಸಿಗದಿದ್ದರೆ, ಅಥವಾ ಹುಳಗಳ ಮೈಗೆ ಅಂಟಿ ಬದುಕುವ ವರೋವಾ ನುಸಿ ಅವುಗಳನ್ನು ಮರಿಯಾಗಿದ್ದಾಗಲೇ ಹೀರಿ ಸೊರಗಿಸಿದ್ದರೆ, ಮೇಲೆ 30 ಕೆಜಿ ಅಪ್ಪಟ ತುಪ್ಪ ಇದ್ದರೂ ಆ ಹುಳ ಚಳಿ ದಾಟುವುದಿಲ್ಲ. ನಿಮ್ಮ ಮೊದಲನೇ ಪೆಟ್ಟಿಗೆಯಲ್ಲಿ ನುಸಿ ಎಷ್ಟಿತ್ತು ಅಂತ ನೀವು ಬರೆದಿಲ್ಲ. ಎರಡೂ ಪೆಟ್ಟಿಗೆಗೆ ಒಂದೇ ಹೊತ್ತಿನಲ್ಲಿ ನುಸಿ ಚಿಕಿತ್ಸೆ ಆಗಿತ್ತಾ ನೋಡಿಕೊಳ್ಳಿ. ಆಗಿರದಿದ್ದರೆ ತಪ್ಪು ಪೂರ್ತಿ ತುಪ್ಪದ್ದು ಅನ್ನುವ ಹಾಗಿಲ್ಲ.

ಪರಾಗ ಒಳ್ಳೆಯದು ಅಂತ ನಡುಚಳಿಗಾಲದಲ್ಲಿ ಪರಾಗದ ರೊಟ್ಟಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಹಾರಲು ಆಗದ ಹೊತ್ತಿನಲ್ಲಿ ಪರಾಗ ಅಂದರೆ ಮರಿ, ಮರಿ ಅಂದರೆ ಶಾಖ, ಮತ್ತೆ ಅದೇ ಚಕ್ರ. ಹುಳಗಳು ಹೊರಗೆ ಹಾರಲು ಶುರುಮಾಡುವ ಹೊತ್ತಿಗೆ ಕೊಡಿ.

ಈಗ ತುಪ್ಪ ಹರಳುಗಟ್ಟುವ ವಿಷಯ. ಗ್ಲೂಕೋಸ್ ಜಾಸ್ತಿ ಇರುವ ತುಪ್ಪ ಬೇಗ ಹರಳಾಗುತ್ತದೆ. ರೇಪ್‌ಸೀಡ್ ಹೊಲದ್ದು, ಐವಿ ಬಳ್ಳಿಯದ್ದು ಇದಕ್ಕೆ ಹೆಸರುವಾಸಿ. ಹರಳಾದ ತುಪ್ಪ ತಿನ್ನಲು ಹುಳಕ್ಕೆ ನೀರು ಬೇಕು. ಚಳಿಯಲ್ಲಿ ನೀರು ತರಲು ಹೋಗಲಾಗದು. ಪೆಟ್ಟಿಗೆಯೊಳಗೆ ಇಬ್ಬನಿಗಟ್ಟಿದ ನೀರು ಸಿಕ್ಕರೆ ನೆಕ್ಕಿಕೊಂಡು ಕರಗಿಸುತ್ತವೆ. ಸಿಗದಿದ್ದರೆ ಎರಿಯ ಕಣದೊಳಗಿನ, ಅಂದರೆ ಆರು ಮೂಲೆಯ ಪುಟ್ಟ ಕೋಣೆಯೊಳಗಿನ, ದ್ರವವನ್ನಷ್ಟೇ ಹೀರಿ ಹರಳನ್ನು ಕೆಳಗೆ ಉದುರಿಸುತ್ತವೆ. ಪೆಟ್ಟಿಗೆಯ ತಳದಲ್ಲಿ ಬಿಳಿ ಸಕ್ಕರೆಯಂಥ ಪುಡಿ ಬಿದ್ದಿದ್ದರೆ ಅದೇ. ಹರಳು ಬೇರೆಯಾದಾಗ ಉಳಿದ ದ್ರವದಲ್ಲಿ ನೀರಿನ ಪ್ರಮಾಣ ಏರುತ್ತದೆ, ಅದು ಹುಳಿಬರುತ್ತದೆ. ಹುಳಿಬಂದ ತುಪ್ಪವೂ ಭೇದಿಗೆ ನೇರ ದಾರಿ. ಚಳಿ ಶುರುವಾದ ಮೇಲೆ ತಡವಾಗಿ ಕೊಟ್ಟ ಪಾಕವೂ ಹೀಗೇ. ಅದನ್ನು ಹುಳಗಳು ಆರಿಸಿ ಮೇಣದ ಮುಚ್ಚಳ ಹಾಕುವಷ್ಟು ಬಿಸಿಲು ಉಳಿದಿರುವುದಿಲ್ಲ. ತೆರೆದ ಕಣದ ಪಾಕ ಗಾಳಿಯ ತೇವ ಹೀರಿ ಹುಳಿಯುತ್ತದೆ.

ತೇವದ ಬಗ್ಗೆ ಒಂದೇ ಅಂಕಿ ಹೇಳುತ್ತೇನೆ. ಒಂದು ಕೆಜಿ ತುಪ್ಪ ಹುಳದ ಮೈಯಲ್ಲಿ ಉರಿದರೆ, ಅದರಲ್ಲಿ ಮೊದಲೇ ಇದ್ದ ನೀರೂ ಸೇರಿ, ಸುಮಾರು 650 ಗ್ರಾಂ ನೀರು ಹೊರಬರುತ್ತದೆ. 15 ಕೆಜಿ ತಿಂದರೆ ಹೆಚ್ಚುಕಡಿಮೆ ಹತ್ತು ಲೀಟರ್. ಅದೆಲ್ಲ ಆವಿಯಾಗಿ ಎದ್ದು ತಣ್ಣಗಿನ ಮುಚ್ಚಳಕ್ಕೆ ತಾಗಿ ಹನಿಯಾಗಿ ಗೊಂಚಲಿನ ಮೇಲೆ ಸುರಿದರೆ ಹುಳ ನೆಂದು ಸಾಯುತ್ತದೆ. ಮುಚ್ಚಳದ ಮೇಲೆ ದಪ್ಪ ಹೊದಿಕೆ ಹಾಕಿ, ಅಲ್ಲಿ ತಣ್ಣಗಾಗದಂತೆ ನೋಡಿಕೊಂಡರೆ ಹನಿ ಪಕ್ಕದ ಗೋಡೆಗಳಲ್ಲಿ ಮೂಡುತ್ತದೆ. ಅಲ್ಲಿದ್ದರೆ ಹುಳಗಳಿಗೆ ಕುಡಿಯಲು ನೀರಾಯಿತು.

ಆಹಾರ ಎಷ್ಟು, ಎಲ್ಲಿ ಅನ್ನುವುದನ್ನೂ ಬಿಡುವ ಹಾಗಿಲ್ಲ. ಚಳಿ ಸಾಧಾರಣ ಇರುವ ಕಡೆ 15–20 ಕೆಜಿ ಸಾಕಾದರೆ, ನಿಮ್ಮಂಥ ಹಿಮದ ಕಡೆ 30 ಕೆಜಿಯ ಆಸುಪಾಸು ಅಥವಾ ಇನ್ನೂ ಜಾಸ್ತಿ ಬೇಕು. ಲ್ಯಾಂಗ್‌ಸ್ಟ್ರಾತ್ ಅನ್ನುವ ಮಾದರಿಯ ಪೆಟ್ಟಿಗೆಯಲ್ಲಿ ಎರಿ ಕಟ್ಟುವ ಒಂದು ದೊಡ್ಡ ಚೌಕಟ್ಟು ಎರಡೂ ಕಡೆ ತುಂಬಿದ್ದರೆ ಮೂರು ಕೆಜಿ ಹತ್ತಿರ ಇರುತ್ತದೆ ಅಂತ ಲೆಕ್ಕ ಹಿಡಿಯಿರಿ. ಅದರಲ್ಲೂ ಮೊದಲ ತಿಂಗಳುಗಳಲ್ಲಿ ಖರ್ಚು ಕಡಿಮೆ. ಮರಿ ಶುರುವಾದ ಮೇಲೆ ಕೊನೆಯ ತಿಂಗಳಲ್ಲಿ ಎರಡು ಮೂರು ಪಟ್ಟು ಏರುತ್ತದೆ. ಬಹಳಷ್ಟು ಕುಟುಂಬ ಉಪವಾಸ ಬೀಳುವುದು ನಡುಚಳಿಯಲ್ಲಿ ಅಲ್ಲ, ಹೂ ಬಿಡಲು ಇನ್ನೇನು ಕೆಲವೇ ವಾರ ಇದೆ ಅನ್ನುವಾಗ. ಗೊಂಚಲು ಚಿಕ್ಕದಾಗಿದ್ದು ಕೊರೆಯುವ ಚಳಿ ಬಿದ್ದರೆ ನಾಲ್ಕು ಬೆರಳು ದೂರದ ಎರಿಗೂ ಅವು ಸರಿಯಲಾರವು. ತಲೆ ಕಣದೊಳಗೆ, ಹಿಂಭಾಗ ಹೊರಗೆ, ಹಾಗೇ ಸಾಲಾಗಿ ಸತ್ತಿರುತ್ತವೆ. ಪಕ್ಕದ ಎರಿಯಲ್ಲಿ ತುಪ್ಪ ಹಾಗೇ ಇರುತ್ತದೆ. ಗೊಂಚಲು ಮೇಲಕ್ಕೆ ಸುಲಭವಾಗಿ ಏರುತ್ತದೆ, ಪಕ್ಕಕ್ಕೆ ಕಷ್ಟ. ಆದ್ದರಿಂದ ತುಪ್ಪ ಮೇಲಿರಬೇಕು, ಗೊಂಚಲು ಕೆಳಗೆ. ನಿಮ್ಮ ಹುಳಗಳು ಹೀಗೆ ತಲೆ ತೂರಿಸಿ ಸತ್ತಿದ್ದವಾ, ಅಥವಾ ತಳದಲ್ಲಿ ಹೊಟ್ಟೆ ಊದಿ ಬಿದ್ದಿದ್ದವಾ ಅಂತ ನೋಡಿ. ಹೊಟ್ಟೆ ಊದಿದ್ದರೆ ನಾನು ಹೇಳಿದ್ದೇ ಆಗಿರುವ ಸಾಧ್ಯತೆ ಜಾಸ್ತಿ.

ಮುಂದಿನ ವರ್ಷಕ್ಕೆ ಹೀಗೆ ಮಾಡಿ. ಬೇಸಿಗೆ ಕೊನೆಯಲ್ಲಿ ಎರಿಯ ತುಪ್ಪ ಕಪ್ಪಾಗುತ್ತಿದ್ದರೆ ಒಂದು ಸಣ್ಣ ಪರೀಕ್ಷೆ ಸಾಕು. ನೀರಿನ ವಿದ್ಯುತ್ ವಾಹಕತೆ ಅಳೆಯುವ ಪುಟ್ಟ ಮೀಟರ್ ತೆಗೆದುಕೊಳ್ಳಿ. 25 ಗ್ರಾಂ ತುಪ್ಪಕ್ಕೆ ಬಟ್ಟಿ ಇಳಿಸಿದ ನೀರು ಸೇರಿಸಿ 100 ಮಿಲಿ ಮಾಡಿ, ಕದಡಿ ಅಳೆಯಿರಿ. ಅಂತರರಾಷ್ಟ್ರೀಯ ಗುಣಮಟ್ಟದಲ್ಲಿ ಹೂವಿನ ತುಪ್ಪಕ್ಕೂ ಹನಿಡ್ಯೂ ತುಪ್ಪಕ್ಕೂ ನಡುವಿನ ಗೆರೆ ಸೆಂಟಿಮೀಟರಿಗೆ 0.8 ಮಿಲಿಸೀಮೆನ್ಸ್. ಕೆಲವು ಹೂವಿನ ತುಪ್ಪಗಳು ಇದಕ್ಕೆ ಹೊರತು, ಆದರೆ ನಮ್ಮ ಕೆಲಸಕ್ಕೆ ಅದು ಅಡ್ಡಿಯಿಲ್ಲ. ಯಾವ ಗಿಡದ್ದೇ ಆಗಲಿ, ಲವಣ ಜಾಸ್ತಿ ಇದ್ದರೆ ಬಂಧನಕ್ಕೆ ಅದು ಆಗುವುದಿಲ್ಲ. ಅಂಥ ಎರಿಗಳನ್ನು ತೆಗೆದುಬಿಡಿ.

ತೆಗೆದ ಜಾಗಕ್ಕೆ ಪಾಕ. ತೂಕದಲ್ಲಿ ಎರಡು ಪಾಲು ಬಿಳಿ ಸಕ್ಕರೆ, ಒಂದು ಪಾಲು ನೀರು. ನೀರು ಬಿಸಿ ಮಾಡಿ ಒಲೆಯಿಂದ ಇಳಿಸಿ ಸಕ್ಕರೆ ಕರಗಿಸಿದರೆ ಸಾಕು. ಕುದಿಸುವುದು ಬೇಡ. ಸಕ್ಕರೆ ಒಡೆಯಲಿ ಅಂತ ನಿಂಬೆರಸ, ವಿನೆಗರ್ ಹಾಕಿ ಕುದಿಸುವ ಹಳೆಯ ಅಭ್ಯಾಸ ಇನ್ನೂ ಇದೆ, ಅದಂತೂ ಬೇಡವೇ ಬೇಡ. ಆಮ್ಲದ ಜೊತೆ ಸಕ್ಕರೆ ಕಾಯಿಸಿದರೆ ಎಚ್‌ಎಂಎಫ್ ಅನ್ನುವ ಪದಾರ್ಥ ಹುಟ್ಟುತ್ತದೆ, ಅದು ಹುಳಕ್ಕೆ ವಿಷ. ಇಂಗ್ಲೆಂಡಿನ ಲೆಸ್ಲಿ ಬೈಲಿ 1966ರಲ್ಲೇ ಆಮ್ಲದಿಂದ ಒಡೆದ ಸಕ್ಕರೆ ಹುಳಗಳಿಗೆ ಹಾನಿ ಮಾಡುವುದನ್ನು ತೋರಿಸಿದ್ದರು. ಸಕ್ಕರೆ ಒಡೆಯುವ ಕಿಣ್ವ ಹುಳದ ಬಳಿಯೇ ಇದೆ, ನಮ್ಮ ಸಹಾಯ ಬೇಕಿಲ್ಲ. ಕಂದು ಸಕ್ಕರೆ, ಬೆಲ್ಲ, ಕಾಕಂಬಿ ನೈಸರ್ಗಿಕ ಅಂತ ಕೊಡಬೇಡಿ. ಮನುಷ್ಯರಿಗೆ ಅವುಗಳಲ್ಲಿ ಒಳ್ಳೆಯದು ಅನ್ನಿಸುವ ಖನಿಜವೇ ಇಲ್ಲಿ ಶತ್ರು. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಗಂಟಾಗದಿರಲಿ ಅಂತ ಪಿಷ್ಟ ಬೆರೆಸಿರುತ್ತಾರೆ, ಅದೂ ಬೇಡ.

ಪಾಕ ಕೊಡುವ ಹೊತ್ತು ಅದರ ಅಳತೆಯಷ್ಟೇ ಮುಖ್ಯ. ಬೇಸಿಗೆಯ ಹುಳಗಳು ಇನ್ನೂ ಬದುಕಿರುವಾಗ, ಬಿಸಿಲು ಇರುವಾಗ ಬಹುಪಾಲು ಕೊಟ್ಟು ಮುಗಿಸಿ. ಪಾಕ ಆರಿಸುವ, ಒಡೆಯುವ ಕೆಲಸ ಹುಳವನ್ನು ಸವೆಸುತ್ತದೆ. ಹೇಗೂ ಚಳಿಗೆ ಮೊದಲು ಸಾಯುವ ಹುಳಗಳೇ ಅದನ್ನು ಮಾಡಲಿ. ಕೊನೆಯ ಮೂರ್ನಾಲ್ಕು ಕೆಜಿಯನ್ನು ಮಾತ್ರ ಮರಿ ಕಡಿಮೆಯಾಗುವ ಹೊತ್ತಿಗೆ ಇಟ್ಟುಕೊಳ್ಳಿ. ಆಗ ನಡುವಿನ ಎರಿಗಳಲ್ಲಿ ಮರಿ ಹೊರಬಂದು ಕಣಗಳು ಖಾಲಿ ಇರುತ್ತವೆ, ಹುಳಗಳು ಆ ಪಾಕವನ್ನು ಅಲ್ಲೇ ತುಂಬುತ್ತವೆ. ಗೊಂಚಲು ಕೂರುವುದೂ ಅಲ್ಲೇ, ಮೊದಲು ತಿನ್ನುವುದೂ ಅದನ್ನೇ. ಅಕ್ಕಪಕ್ಕದಲ್ಲಿ ಸ್ವಲ್ಪ ಕಪ್ಪು ತುಪ್ಪ ಉಳಿದುಹೋಗಿದ್ದರೂ ಅದರ ಸರದಿ ಬರುವುದು ಹುಳಗಳು ಹಾರಲು ಶುರುಮಾಡಿದ ಮೇಲೆ. ಜಾಗ ಬದಲಿಸುವುದು ಅಂದದ್ದು ಇದನ್ನೇ. ನನಗೆ ಗೊತ್ತಿರುವ ಉಪಾಯಗಳಲ್ಲಿ ಖರ್ಚು ಕಡಿಮೆ, ಲಾಭ ಜಾಸ್ತಿ ಇರುವುದು ಇದು. ಚಳಿ ಬಿದ್ದ ಮೇಲೆ ಆಹಾರ ಕಡಿಮೆಯಾಗಿದೆ ಅನ್ನಿಸಿದರೆ ಪಾಕ ಕೊಡಬೇಡಿ, ಗೊಂಚಲಿನ ನೇರ ಮೇಲೆ ಗಟ್ಟಿ ಸಕ್ಕರೆ ಇಡಿ, ಇಲ್ಲವೇ ಬಣ್ಣ-ವಾಸನೆ ಇಲ್ಲದ ಬೇಕರಿ ಫಾಂಡಂಟ್, ಅಂದರೆ ಹಿಟ್ಟಿನಂತೆ ಮೆತ್ತಗಿರುವ ಸಕ್ಕರೆ ಮುದ್ದೆ, ಇಡಿ. ಅದನ್ನು ಇಡಲು ಮುಚ್ಚಳ ತೆರೆಯುವುದು ಒಂದು ನಿಮಿಷದ ಕೆಲಸ, ಎರಿ ಎತ್ತಬೇಡಿ.

ಇನ್ನು ಉಳಿದಿರುವ ಆ ತುಪ್ಪ. ಮೊದಲು ಸತ್ತ ಹುಳಗಳ ನೊಸಿಮಾ ಪರೀಕ್ಷೆ ಆಗಲಿ. ಮರಿಗಳ ಎರಿಯಲ್ಲಿ ಕೊಳೆರೋಗದ ಗುರುತು ಇದೆಯಾ ಅಂತಲೂ ನೋಡಿ. ಮುಚ್ಚಳ ಕುಸಿದು ತೂತಾದ ಕಣ, ಕಡ್ಡಿ ಹಾಕಿ ಎಳೆದರೆ ನೂಲಿನಂತೆ ಬರುವ ಮರಿ ಕಂಡರೆ ಆ ಎರಿಯನ್ನು ಎಲ್ಲಿಗೂ ಕೊಡುವ ಹಾಗಿಲ್ಲ, ನಿಮ್ಮ ಕಡೆಯ ಜೇನು ಅಧಿಕಾರಿಗೆ ತಿಳಿಸಬೇಕು. ಎರಡೂ ಇಲ್ಲ ಅಂತಾದರೆ, ಕಲೆ ಬೀಳದ, ಮುಚ್ಚಳ ಇರುವ ಎರಿಗಳನ್ನು ತಣ್ಣನೆಯ ಒಣ ಜಾಗದಲ್ಲಿ ಇಟ್ಟುಕೊಂಡು, ಎರಡನೇ ಪೆಟ್ಟಿಗೆಯ ಹುಳಗಳು ದಿನಾ ಹಾರುವ ಹೊತ್ತಿಗೆ ಒಂದೊಂದಾಗಿ ಕೊಡಿ. ಆಗ ಅವು ಅದನ್ನು ಮರಿಯಾಗಿ ಬದಲಿಸಿಬಿಡುತ್ತವೆ. ನೊಸಿಮಾ ಇದ್ದರೆ ಯಾವುದನ್ನೂ ಕೊಡಬೇಡಿ. ಕಲೆ ಬಿದ್ದ ತುಪ್ಪದ ಎರಿಗಳ ಮೇಣ ಕರಗಿಸಿ. ಕಲೆ ಕಡಿಮೆ ಇರುವ ಖಾಲಿ ಎರಿಗಳನ್ನು ಉಳಿಸಿಕೊಳ್ಳಬೇಕು ಅಂತಿದ್ದರೆ ಶೇ. 80ರ ಅಸಿಟಿಕ್ ಆಮ್ಲದ ಹೊಗೆಯಲ್ಲಿ ಒಂದು ವಾರ ಮುಚ್ಚಿಡಬಹುದು. ಮನೆಯಿಂದ ದೂರ, ತೆರೆದ ಜಾಗದಲ್ಲಿ, ಕೈಗವಸು ಮತ್ತು ಕಣ್ಣಿಗೆ ರಕ್ಷಣೆ ಹಾಕಿಕೊಂಡು ಮಾಡಿ. ಆ ಆಮ್ಲ ಕಬ್ಬಿಣವನ್ನೂ ಸಿಮೆಂಟ್ ನೆಲವನ್ನೂ ತಿನ್ನುತ್ತದೆ. ಆಮೇಲೆ ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಬಿಟ್ಟು, ನಂತರವೇ ಪೆಟ್ಟಿಗೆಗೆ ಹಾಕಿ.

ಮೊದಲನೇ ಪೆಟ್ಟಿಗೆಯಲ್ಲಿ ಉಳಿದ ಹುಳಗಳನ್ನು ಎರಡನೆಯದಕ್ಕೆ ಸೇರಿಸುವ ಯೋಚನೆ ಬಂದಿರಬಹುದು. ಪರೀಕ್ಷೆಯ ಫಲಿತಾಂಶ ಬರುವ ತನಕ ಕಾಯಿರಿ. ಅಲ್ಲಿಯ ತನಕ ಅವುಗಳನ್ನು ಒಂದು ಸಣ್ಣ, ಸ್ವಚ್ಛ ಪೆಟ್ಟಿಗೆಗೆ ಬದಲಿಸಿ, ಬಿಸಿಲು ಬೀಳುವ ಕಡೆ ಬಾಗಿಲು ತಿರುಗಿಸಿ ಇಡಿ, ಮೇಲೆ ಸ್ವಲ್ಪ ಫಾಂಡಂಟ್ ಹಾಕಿ. ರಾಣಿ ಇದ್ದು, ಮೂರು ಎರಿ ಮುಚ್ಚುವಷ್ಟು ಹುಳ ಉಳಿದಿದ್ದರೆ, ಹೂ ಬಿಟ್ಟಾಗ ಅವು ತಾವಾಗಿಯೇ ಚೇತರಿಸಿಕೊಳ್ಳುವ ಸಾಧ್ಯತೆ ಇದೆ.